ರಾಮಪತ್ರೆ ಜಡ್ಡಿಗೆ ಬೇಲಿ ಹಾಕಿದರೆ ಸಾಲದಾ, ಸರ್ವೆ ಯಾಕೆ?

ರಾಮಪತ್ರೆ ಜಡ್ಡಿ ಅಂದರೆ ಜಾಯಿಕಾಯಿ ಜಾತಿಯ ಕಾಡುಮರ ರಾಮಪತ್ರೆ ಬೆಳೆಯುವ ಜೌಗು ನೆಲ. ಬೇಲಿ ಹಾಕಿ ಬಿಟ್ಟರೆ ಜಡ್ಡಿ ತಾನಾಗೇ ಉಳಿಯುತ್ತದೆ, ಮರ, ಕಪ್ಪೆ ಎಣಿಸಿ ಏನು ಸಿಗುತ್ತದೆ ಅಂತ ಕೇಳಿದ್ದೀರಿ. ನಾನು ಉತ್ತರ ಕನ್ನಡದ ಸಿದ್ದಾಪುರದ ಕಡೆಯವನು. ಸರ್ವೆಗೆ ಬಂದವರ ಜೊತೆ ದಾರಿ ತೋರಿಸೋಕೆ, ಟೇಪು ಹಿಡಿಯೋಕೆ ಹೋಗುತ್ತೇನೆ. ಮೊದಲು ನನಗೂ ಹೀಗೇ ಅನ್ನಿಸಿತ್ತು.

ಜೋಗದಿಂದ ಹೊನ್ನಾವರಕ್ಕೆ ಇಳಿಯುವ ದಾರಿಯಲ್ಲಿ ಕತ್ತಲೆಕಾನು ಅನ್ನೋ ಕಾಡು ಸಿಗುತ್ತದೆ, ಅಲ್ಲಿ ಇಂಥ ಜಡ್ಡಿ ಇದೆ. ಘಟ್ಟದ ಸಂದಿನಲ್ಲಿ ಹಳ್ಳದ ನೀರು ಹರಡಿಕೊಂಡ ಕೆಸರು ನೆಲ. ಮರಗಳ ಬೇರುಗಳು ಮೊಣಕಾಲು ಮಡಚಿದ ಹಾಗೆ ಕೆಸರಿನಿಂದ ಎದ್ದು ಮತ್ತೆ ಒಳಗಿಳಿಯುತ್ತವೆ. ಒಳಗೆ ಗಾಳಿ ಇಲ್ಲ, ಅದಕ್ಕೇ ಮೇಲೆ ಬಂದು ಉಸಿರಾಡುತ್ತವೆ.

ಇಂಥ ಜಡ್ಡಿಗೆ ಬರುವ ನೀರನ್ನು ಮೇಲೆಲ್ಲೋ ತೋಟಕ್ಕೆ ಪೈಪು ಹಾಕಿ ತಿರುಗಿಸಿದರು ಅಂದುಕೊಳ್ಳಿ. ಬೇಲಿಗೆ ಏನೂ ಆಗಲ್ಲ. ದೊಡ್ಡ ಮರಗಳೂ ಎಷ್ಟೋ ವರ್ಷ ಹಸಿರಾಗೇ ಇರುತ್ತವೆ. ಆದರೆ ರಾಮಪತ್ರೆ ಬೀಜ? ಭತ್ತದ ಹಾಗೆ ಒಣಗಿಸಿ ಎತ್ತಿಡುವ ಬೀಜ ಅಲ್ಲ ಇದು. ಒಣಗಿತೋ, ಸತ್ತಿತು. ಬಿದ್ದಲ್ಲೇ ತೇವ ಇರಬೇಕು. ಹಾಗಾಗಿ ಮರಕ್ಕಿಂತ ಸಸಿ ಎಣಿಸುವುದೇ ಮುಖ್ಯ ಅಂತ ನನಗೆ ಅನ್ನಿಸುತ್ತದೆ. ಒಂದು ಜಡ್ಡಿಯಲ್ಲಿ ಹಗ್ಗ ಕಟ್ಟಿ ಚೌಕ ಮಾಡಿ, ಮೈಗೆ ಹತ್ತಿದ ಉಂಬಳ (ಜಿಗಣೆ) ಕೀಳುತ್ತಾ ಮಂಡಿಯೂರಿ ಹುಡುಕಿದೆವು. ತಲೆ ಮೇಲೆ ತಬ್ಬಲಾಗದಷ್ಟು ದಪ್ಪದ ಮರ. ಚೌಕದೊಳಗೆ ಅದರ ಒಂದೇ ಒಂದು ಸಸಿ ಇರಲಿಲ್ಲ. ಹೊಟ್ಟೆ ಚುರ್ ಅಂದಿತು. ದೂರದಿಂದ ನೋಡಿದ್ದರೆ ಕಾಡು ಚೆನ್ನಾಗಿದೆ ಅಂದುಕೊಂಡೇ ವಾಪಸ್ ಬರುತ್ತಿದ್ದೆವು.

ಕಪ್ಪೆಯದ್ದು ರಾತ್ರಿ ಕೆಲಸ. ಇದೇ ಕತ್ತಲೆಕಾನಿನ ಕುಂಬಾರ ಕಪ್ಪೆಯನ್ನು ಕಪ್ಪೆ ಸಂಶೋಧಕ ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಹೊಸ ಜಾತಿ ಅಂತ ಜಗತ್ತಿಗೆ ತಿಳಿಸಿದರು. ಹೆಣ್ಣು ಮೊಟ್ಟೆ ಇಟ್ಟ ಮೇಲೆ ಗಂಡು ಮುಂಗೈಯಲ್ಲಿ ಕೆಸರು ತಂದು ಮೆತ್ತುತ್ತದೆ, ಮಡಕೆ ಮಾಡುವವರ ಹಾಗೆ. ಹಳ್ಳದ ಪಕ್ಕ ಅಲುಗಾಡದೆ ಕೂತು ನೋಡಿದವರಿಗೆ ಮಾತ್ರ ಇದು ಕಂಡದ್ದು. ಇಲ್ಲಿನ ಒಂದು ಗೇರು ಜಾತಿಯ ಮರಕ್ಕೂ 2000ದಲ್ಲಿ ಕತ್ತಲೆಕಾನಿನ ಹೆಸರೇ ಬಂತು. ಸಿಂಗಳೀಕದ ಲೆಕ್ಕ, ಈ ಅಪರೂಪದ ಮರಗಳ ಲೆಕ್ಕ ಕೈಯಲ್ಲಿದ್ದದ್ದರಿಂದಲೇ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಆಗೋಕೆ ಬಲ ಬಂತು. ಸುಮ್ನೆ 'ಕಾಡು ಉಳಿಸಿ' ಅಂದರೆ ಯಾರು ಕೇಳುತ್ತಾರೆ?

ನಿಮ್ಮೂರ ಹತ್ತಿರ ಜಡ್ಡಿ ಇದ್ದರೆ ಅರಣ್ಯ ಇಲಾಖೆಯವರನ್ನು ಕೇಳಿಕೊಂಡು ಹೋಗಿ. ಜಾಸ್ತಿ ಜನ ಬೇಡ, ಕಾಲಿಗೆ ಸಿಕ್ಕಿ ಸಸಿ ಸಾಯುತ್ತವೆ. ಏಪ್ರಿಲ್ ಕೊನೆಗೆ ನೀರು ಎಲ್ಲಿಯವರೆಗೆ ಇದೆ, ಒಂದು ಚೌಕದಲ್ಲಿ ಎಷ್ಟು ಸಸಿ ಇವೆ, ತಾರೀಖು ಹಾಕಿ ಬರೆದಿಡಿ. ಮುಂದಿನ ವರ್ಷ ಅದೇ ಚೌಕಕ್ಕೆ ಹೋಗಿ. ನೀರು ಹಿಂದೆ ಸರಿದಿದ್ದರೆ ಹಳ್ಳದಗುಂಟ ಮೇಲೆ ಹತ್ತಿ ಪೈಪು ಎಲ್ಲಿದೆ ನೋಡಿ, ತೋಟದವರ ಜೊತೆ ಕೂತು ಮಾತಾಡಿ. ನಾವು ಬರೆದಿಟ್ಟ ಪುಸ್ತಕ ತೋರಿಸಿದಾಗ ಒಬ್ಬರು ಬೇಸಿಗೆಯಲ್ಲಿ ಅರ್ಧ ನೀರನ್ನು ಹಳ್ಳಕ್ಕೇ ಬಿಡಲು ಒಪ್ಪಿದ್ದಾರೆ.