ಫೋನ್‌ನಲ್ಲಿ ಸಿಂಥ್ ನುಡಿಸ್ತೀರಾ? ಮೊದಲು ಬ್ಲೂಟೂತ್ ಆಫ್ ಮಾಡಿ

ಪ್ರಶ್ನೆ: ಆಂಡ್ರಾಯ್ಡ್ ಫೋನ್‌ಗೆ ಪಿಯಾನೊ ಥರದ ಮಿಡಿ ಕೀಬೋರ್ಡ್ ಜೋಡಿಸಿ, ವಾದ್ಯಗಳ ಸದ್ದು ಮಾಡುವ ಸಿಂಥ್ ಆಪ್ ನುಡಿಸಿ, ಬ್ಲೂಟೂತ್ ಸ್ಪೀಕರ್‌ನಲ್ಲಿ ಕೇಳುತ್ತೇನೆ. ಕೀ ಒತ್ತಿದ ಮೇಲೆ ಸ್ವರ ತಡವಾಗಿ ಬರುತ್ತದೆ. ಜಾಸ್ತಿ ರ್ಯಾಮ್ ಇರುವ ಫೋನ್ ತಗೊಳ್ಳಿ ಅಂತಾರೆ ಅಂಗಡಿಯವರು. ಹೌದಾ?

ಉತ್ತರ: ಅಂಗಡಿಯವರಿಗೆ ಫೋನ್ ಮಾರಬೇಕು, ಹೇಳ್ತಾರೆ. ತಪ್ಪು ರ್ಯಾಮ್‌ನದ್ದಲ್ಲ, ಬ್ಲೂಟೂತ್‌ನದ್ದು. ಎಷ್ಟು ಸಲ ಬರೆದರೂ ಈ ಪ್ರಶ್ನೆ ನಿಲ್ಲುತ್ತಿಲ್ಲ.

ಬ್ಲೂಟೂತ್ ಸದ್ದನ್ನು ಕುಗ್ಗಿಸಿ ಕಳಿಸುತ್ತದೆ, ಸ್ಪೀಕರ್ ಅದನ್ನು ಬಿಚ್ಚಿ ನುಡಿಸುತ್ತದೆ. ಸಾಮಾನ್ಯ ಸ್ಪೀಕರ್‌ಗಳಲ್ಲಿ ಇಷ್ಟಕ್ಕೇ 150–200 ಮಿಲಿಸೆಕೆಂಡ್ ಹೋಗುತ್ತದೆ. ನಿಮಿಷಕ್ಕೆ 120 ಬೀಟ್ ಇರುವ ಹಾಡಿನಲ್ಲಿ ಒಂದು ಬೀಟ್ ಅಂದರೆ 500 ಮಿಲಿಸೆಕೆಂಡ್. ಹೆಚ್ಚುಕಮ್ಮಿ ಬೀಟ್‌ನ ಮೂರನೇ ಒಂದು ಭಾಗ ತಡ! ‘ಸಿನಿಮಾ ನೋಡುವಾಗ ಸರಿಯಾಗೇ ಇರುತ್ತಲ್ಲ’ ಅನ್ನಬೇಡಿ. ಅಲ್ಲಿ ಪ್ಲೇಯರ್ ಚಿತ್ರವನ್ನೂ ಅಷ್ಟೇ ತಡ ಮಾಡಿ ಹೊಂದಿಸುತ್ತದೆ. ನಿಮ್ಮ ಬೆರಳನ್ನು ತಡ ಮಾಡುವವರು ಯಾರು?

ವೈರ್ ಇರುವ ಹೆಡ್‌ಫೋನ್ ಅಥವಾ ಸ್ಪೀಕರ್ ಹಾಕಿ. ಫೋನ್‌ನಲ್ಲಿ ಹೆಡ್‌ಫೋನ್ ಜಾಕ್ ಇಲ್ಲದೆ ಒಂದೇ ಟೈಪ್-ಸಿ ತೂತು ಇದ್ದರೆ, ಆಡಿಯೊ ಜಾಕ್ ಇರುವ ಯುಎಸ್‌ಬಿ ಹಬ್ ಬೇಕು. ಅದು ನಿಮ್ಮ ಫೋನ್‌ಗೆ ಒಗ್ಗುತ್ತದಾ ಅಂತ ಅಂಗಡಿಯಲ್ಲೇ ನುಡಿಸಿ ನೋಡಿ.

ಆಮೇಲೆ ಆಪ್‌ನ ಸೆಟ್ಟಿಂಗ್‌ನಲ್ಲಿ ಬಫರ್ ನೋಡಿ. ನುಡಿಸುವ ಮೊದಲು ಸದ್ದನ್ನು ಕೂಡಿಡುವ ಜಾಗ ಅದು, ಚಿಕ್ಕದಾದಷ್ಟೂ ತಡ ಕಡಿಮೆ. 48,000 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ ಸದ್ದಿನ 48,000 ಸ್ಯಾಂಪಲ್, ಅಂದರೆ ಚೂರು) 256 ಸ್ಯಾಂಪಲ್‌ನ ಬಫರ್ ಅಂದರೆ ಸುಮಾರು 5 ಮಿಲಿಸೆಕೆಂಡ್. ಉಳಿದ ದಾರಿಯಲ್ಲೂ ಒಂದಿಷ್ಟು ತಡ ಸೇರುತ್ತದೆ, ಆದರೆ ಇಲ್ಲಿಂದ ಶುರು ಮಾಡಿ. ಸ್ವರದಲ್ಲಿ ಚಟಪಟ ಕೇಳಿಸಿದರೆ 512ಕ್ಕೆ ಏರಿಸಿ. ಬ್ಯಾಟರಿ ಸೇವರ್ ಆಫ್ ಇರಲಿ. 2017ರ ಆಂಡ್ರಾಯ್ಡ್ 8ರಲ್ಲಿ ಎಆಡಿಯೊ ಅನ್ನುವ ವೇಗದ ಆಡಿಯೊ ದಾರಿ ಬಂತು. ಆಪ್ ಅದನ್ನು ಬಳಸುತ್ತದಾ ಅನ್ನುವುದು ರ್ಯಾಮ್‌ಗಿಂತ ಮುಖ್ಯ. ರ್ಯಾಮ್ ಬೇಕಾಗುವುದು ದೊಡ್ಡ ಪಿಯಾನೊ ಸೌಂಡ್‌ಫಾಂಟ್ (ವಾದ್ಯದ ಸದ್ದು ತುಂಬಿದ ಫೈಲ್) ಲೋಡ್ ಮಾಡುವಾಗ.

‘ಒಂದೇ ಕ್ಲಿಕ್‌ಗೆ ಲೇಟೆನ್ಸಿ (ತಡ) ಜೀರೊ’ ಅನ್ನುವ ಬೂಸ್ಟರ್ ಆಪ್‌ಗಳು ಶುದ್ಧ ಮೋಸ. ಇನ್ನೊಂದು ಆಪ್‌ನ ಬಫರ್ ಮುಟ್ಟಲು ಅವಕ್ಕೆ ಅಧಿಕಾರವೇ ಇಲ್ಲ. ಸುಮ್ನೆ ಜಾಹೀರಾತು ತೋರಿಸುತ್ತವೆ.

ಪ್ರಶ್ನೆ: ಹೊಸ ಮಿಡಿ ಕೀಬೋರ್ಡ್‌ನಿಂದ ಸದ್ದೇ ಬರುತ್ತಿಲ್ಲ. ವಾಪಸ್ ಕೊಡಲಾ?

ಉತ್ತರ: ಬೇಡ. ಯಾವ ಕೀ, ಎಷ್ಟು ಜೋರು ಅಂತ ಹೇಳುವುದಷ್ಟೇ ಅದರ ಕೆಲಸ. ಸದ್ದು ಮಾಡುವುದು ಫೋನ್.

ಪ್ರಶ್ನೆ: ಲೈಟ್ ಹತ್ತುತ್ತದೆ, ಆದರೆ ಆಪ್ ಕೀಬೋರ್ಡನ್ನು ಗುರುತಿಸುವುದಿಲ್ಲ.

ಉತ್ತರ: ಅದು ಬರೀ ಚಾರ್ಜಿಂಗ್ ಕೇಬಲ್ ಇರಬೇಕು. ಡೇಟಾ ಕೇಬಲ್ ಹಾಕಿ. ಸೆಟ್ಟಿಂಗ್ಸ್‌ನಲ್ಲಿ ಒಟಿಜಿ (ಫೋನ್‌ಗೆ ಯುಎಸ್‌ಬಿ ಸಾಧನ ಜೋಡಿಸುವ ಸೌಲಭ್ಯ) ಆನ್ ಇದೆಯಾ ನೋಡಿ.

ಪ್ರಶ್ನೆ: ಗಣೇಶೋತ್ಸವದ ಆರ್ಕೆಸ್ಟ್ರಾಕ್ಕೆ ಫೋನ್ ಒಂದೇ ಸಾಕಾ?

ಉತ್ತರ: ಸ್ವರದ ಮಟ್ಟಿಗೆ ಸಾಕು. ಧೈರ್ಯದ ಮಟ್ಟಿಗೆ ನನಗೆ ಸಾಲದು. ಏರೋಪ್ಲೇನ್ ಮೋಡ್ ಹಾಕಿ, ಇಲ್ಲವಾದರೆ ಹಾಡಿನ ನಡುವೆ ಅತ್ತೆಯ ಕಾಲ್ ಬರುತ್ತದೆ. ಟೈಪ್-ಸಿ ಪ್ಲಗ್ ಒಂಚೂರು ಅಲುಗಿದರೂ ಕೀಬೋರ್ಡ್ ಕೈಕೊಡುತ್ತದೆ, ಕೇಬಲನ್ನು ಸ್ಟ್ಯಾಂಡ್‌ಗೆ ಟೇಪ್ ಹಾಕಿ ಬಿಗಿಯಿರಿ. ಚಾರ್ಜರ್ ಹಾಕಿದೊಡನೆ ಸ್ಪೀಕರ್ ಗುಂಯ್ ಅಂದರೆ ಪವರ್ ಬ್ಯಾಂಕ್ ಬಳಸಿ. ನಾನಂತೂ ಅದೇ ಆಪ್, ಅದೇ ಸೌಂಡ್ ತುಂಬಿದ ಎರಡನೇ ಫೋನ್ ಜೇಬಿನಲ್ಲಿ ಇಲ್ಲದೆ ವೇದಿಕೆ ಹತ್ತುವುದಿಲ್ಲ.