ಟೆನಿಸ್ ಡಬಲ್ಸ್‌ನಲ್ಲಿ 40-40 ಆದಮೇಲೆ ಒಂದೇ ಪಾಯಿಂಟ್ ಏಕೆ?

ಪ್ರಶ್ನೆ: ಬೆಂಗಳೂರಿನ ಚಾಲೆಂಜರ್ ಟೂರ್ನಿಯಲ್ಲಿ ಪುರುಷರ ಡಬಲ್ಸ್ ನೋಡಿದೆ. 40-40 ಆದಮೇಲೆ ಒಂದೇ ಪಾಯಿಂಟಿಗೆ ಗೇಮ್ ಮುಗಿಯಿತು. ಸೆಟ್ 1-1 ಆದಾಗ ಮೂರನೇ ಸೆಟ್ಟೇ ಇಲ್ಲ! ನಮ್ಮ ಕ್ಲಬ್ ಟೂರ್ನಿಗೂ ಇದನ್ನೇ ಇಟ್ಟುಕೊಳ್ಳಬಹುದೇ? — ಓದುಗರು, ಹಾಸನ

ಉತ್ತರ: ಧಾರಾಳವಾಗಿ. ಇರುವುದೇ ಎರಡು ಕೋರ್ಟ್ ಎಂದರೆ ಇದೇ ಒಳ್ಳೆಯದು. ಚಾಲೆಂಜರ್ ಮಟ್ಟದಲ್ಲಿ (ಎಟಿಪಿ ಟೂರ್‌ಗಿಂತ ಒಂದು ಮೆಟ್ಟಿಲು ಕೆಳಗಿನ ವೃತ್ತಿಪರ ಟೂರ್ನಿಗಳಲ್ಲಿ) ಅನೇಕರು ಸಿಂಗಲ್ಸ್ ಆಡಿ ಅದೇ ದಿನ ಡಬಲ್ಸ್‌ಗೂ ಇಳಿಯುತ್ತಾರೆ. ಡ್ಯೂಸ್, ಅಂದರೆ 40-40 ಆದಮೇಲೆ ಎರಡು ಪಾಯಿಂಟಿನ ಅಂತರ ಸಿಗುವವರೆಗಿನ ಆಟ, ಎಳೆಯುತ್ತಾ ಹೋದರೆ ದಿನದ ವೇಳಾಪಟ್ಟಿಯೇ ಕೆಡುತ್ತದೆ.

ಕ್ಲಬ್ಬುಗಳಲ್ಲಿ ಜಗಳ ಹುಟ್ಟುವುದು ಈ ನಿರ್ಣಾಯಕ ಪಾಯಿಂಟಿನಲ್ಲೇ. ಸರ್ವ್ ಯಾವ ಕಡೆಗೆ ಬರಬೇಕೆಂದು ಹೇಳುವವರು ಎದುರಿನ ಜೋಡಿ, ಸರ್ವ್ ಮಾಡುವವರಲ್ಲ. ಆದರೆ ಆ ಜೋಡಿ ಜಾಗ ಅದಲುಬದಲು ಮಾಡುವಂತಿಲ್ಲ. ಆ ಸೆಟ್ಟಿನಲ್ಲಿ ಎಡಗಡೆ ನಿಂತವರು ಎಡಗಡೆಯೇ, ಬಲಗಡೆಯವರು ಬಲಗಡೆಯೇ. ಅಂದರೆ ‘ಎಡಕ್ಕೆ ಹಾಕಿ’ ಎಂದರೆ ‘ನಮ್ಮಲ್ಲಿ ಇವರೇ ಆಡುತ್ತಾರೆ’ ಎಂದೇ ಅರ್ಥ. ರಿಟರ್ನ್ ಗಟ್ಟಿ ಇರುವವರ ಕಡೆ ಕೇಳುವುದು ಜಾಣತನ.

ಮೂರನೇ ಸೆಟ್ಟಿನ ಬದಲು ಆಡುವುದು 10 ಪಾಯಿಂಟಿನ ಮ್ಯಾಚ್ ಟೈಬ್ರೇಕ್. ಎರಡು ಪಾಯಿಂಟಿನ ಅಂತರ ಬೇಕೇ ಬೇಕು: 10-9ಕ್ಕೆ ಮುಗಿಯುವುದಿಲ್ಲ, 11-9ಕ್ಕೆ ಮುಗಿಯುತ್ತದೆ. ಮೊದಲನೆಯವರು ಒಂದು ಪಾಯಿಂಟಿಗೆ ಸರ್ವ್ ಮಾಡುತ್ತಾರೆ, ಆಮೇಲೆ ಸರದಿಯಂತೆ ಒಬ್ಬೊಬ್ಬರು ಎರಡೆರಡು ಪಾಯಿಂಟಿಗೆ. ಪ್ರತಿ 6 ಪಾಯಿಂಟಿಗೆ ಕೋರ್ಟಿನ ತುದಿ ಬದಲು. ಸಂಜೆ ಬಿಸಿಲು ಕಣ್ಣಿಗೆ ಹೊಡೆಯುವ ಕೋರ್ಟಿನಲ್ಲಿ ಇದನ್ನು ಮರೆತರೆ ಅನ್ಯಾಯವಾಗುತ್ತದೆ. ಹೊಸ ಸೆಟ್ಟಿನ ಆರಂಭದಲ್ಲಿದ್ದಂತೆಯೇ, ಜೋಡಿಯೊಳಗೆ ಯಾರು ಮೊದಲು ಸರ್ವ್ ಮಾಡಬೇಕು, ಯಾರು ಯಾವ ಕಡೆ ನಿಲ್ಲಬೇಕು ಎಂಬುದನ್ನು ಇಲ್ಲಿ ಬದಲಿಸಬಹುದು.

ಸರದಿ ತಪ್ಪಿ ಜೊತೆಗಾರ ಸರ್ವ್ ಮಾಡಿಬಿಟ್ಟರೆ? ಗೊತ್ತಾದ ಕೂಡಲೇ ಸರಿಯಾದವರು ಸರ್ವ್ ಮಾಡಬೇಕು, ಆಡಿದ ಪಾಯಿಂಟುಗಳು ಹಾಗೇ ಉಳಿಯುತ್ತವೆ. ಗೇಮ್ ಮುಗಿದ ಮೇಲೆ ಗೊತ್ತಾದರೆ ಬದಲಾದ ಸರದಿಯೇ ಮುಂದುವರಿಯುತ್ತದೆ. ರಿಸೀವ್ ಮಾಡುವವರ ಜಾಗ ತಪ್ಪಿದ್ದರೆ ಮಾತ್ರ ಆ ಗೇಮ್ ಹಾಗೇ ಮುಗಿಸಿ, ಮುಂದೆ ರಿಸೀವ್ ಮಾಡುವ ಗೇಮಿನಲ್ಲಿ ಸರಿಪಡಿಸಿಕೊಳ್ಳಬೇಕು.

ಪ್ರಶ್ನೆ: ಡಬಲ್ಸ್ ಗೆದ್ದರೆ ರ‍್ಯಾಂಕಿಂಗ್ ಪಾಯಿಂಟ್ ಇಬ್ಬರಿಗೂ ಹಂಚುತ್ತಾರೆಯೇ? — ಓದುಗರು, ಚಿಕ್ಕಮಗಳೂರು

ಉತ್ತರ: ಇಲ್ಲ. ಪೂರ್ತಿ ಪಾಯಿಂಟ್ ಇಬ್ಬರಿಗೂ ಸಿಗುತ್ತದೆ. ಹಂಚಿಕೊಳ್ಳಬೇಕಾದ್ದು ಬಹುಮಾನದ ಹಣ ಮಾತ್ರ. ಸೀಡಿಂಗ್ ಮಾಡುವಾಗ (ಬಲವಾದ ಜೋಡಿಗಳಿಗೆ ಕ್ರಮಾಂಕ ಕೊಡುವಾಗ) ಇಬ್ಬರ ಡಬಲ್ಸ್ ರ‍್ಯಾಂಕ್ ಕೂಡಿಸುತ್ತಾರೆ. 310 ಮತ್ತು 450 ಆದರೆ 760. ಮೊತ್ತ ಕಡಿಮೆಯಿದ್ದಷ್ಟೂ ಸೀಡ್ ಮೇಲೆ. 16 ಜೋಡಿಗಳ ಡ್ರಾದಲ್ಲಿ ಕಪ್ ಎತ್ತಲು ನಾಲ್ಕು ಪಂದ್ಯ ಗೆಲ್ಲಬೇಕು. ಕೆಳಹಂತದಲ್ಲಿ ವಾರಕ್ಕೊಬ್ಬ ಜೊತೆಗಾರ ಬದಲಾಗುವುದಕ್ಕೆ ಈ ಕೂಡುಲೆಕ್ಕವೂ ಕಾರಣ. ಪಕ್ಕದ ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದದ್ದು ಮ್ಯಾಥ್ಯೂ ಎಬ್ಡೆನ್ ಜೊತೆ; ಆಗ ಅವರಿಗೆ ವಯಸ್ಸು 43.

ಪ್ರಶ್ನೆ: ಸಿಂಗಲ್ಸ್ ಮುಗಿಸಿ ಅದೇ ಕೋರ್ಟಿನಲ್ಲಿ ಡಬಲ್ಸ್ ಆಡಿಸುವಾಗ ಏನು ಬದಲಿಸಬೇಕು? — ಓದುಗರು, ಸಕಲೇಶಪುರ

ಉತ್ತರ: ನೆಟ್ಟಿನ ಕೆಳಗೆ ಆನಿಸಿಟ್ಟ ಎರಡು ಸಿಂಗಲ್ಸ್ ಕೋಲು ತೆಗೆಯಿರಿ. ಅವು ಸಿಂಗಲ್ಸ್ ಗೆರೆಯಿಂದ 0.914 ಮೀಟರ್ ಆಚೆ ನಿಂತು ಅಲ್ಲಿ ನೆಟ್ಟನ್ನು 1.07 ಮೀಟರಿಗೆ ಎತ್ತಿ ಹಿಡಿಯುತ್ತವೆ. ಹಾಗೇ ಬಿಟ್ಟರೆ ಪಕ್ಕದ ಓಣಿಯತ್ತ (ಸಿಂಗಲ್ಸ್ ಮತ್ತು ಡಬಲ್ಸ್ ಗೆರೆಗಳ ನಡುವಿನ ಜಾಗದತ್ತ) ಹೊಡೆಯುವವರಿಗೆ ನೆಟ್ ಎತ್ತರವಾಗಿಬಿಡುತ್ತದೆ. ಆ ಓಣಿ ಒಂದೊಂದು ಕಡೆ 1.37 ಮೀಟರ್, ಡಬಲ್ಸ್ ಕೋರ್ಟಿನ ಒಟ್ಟು ಅಗಲ 10.97 ಮೀಟರ್. ಆಮೇಲೆ ನೆಟ್ಟಿನ ನಡುವಿನ ಪಟ್ಟಿಯ ಹತ್ತಿರ ಎತ್ತರ ನೋಡಿ, 0.914 ಮೀಟರ್ ಇರಬೇಕು. ಟೇಪ್ ಇಲ್ಲದಿದ್ದರೆ ಒಂದು ರಾಕೆಟ್ ನೆಟ್ಟಗೆ ನಿಲ್ಲಿಸಿ, ಅದರ ಮೇಲೆ ಇನ್ನೊಂದರ ತಲೆಯನ್ನು ಅಡ್ಡ ಇಡಿ, ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ನಿಮ್ಮೂರಿನ ಮಳೆಗೆ ನೆಟ್ ನೆನೆದು ಜೋತುಬೀಳುವುದುಂಟು, ಎರಡು ಪಂದ್ಯಗಳ ನಡುವೆ ಮತ್ತೊಮ್ಮೆ ಅಳೆಯಿರಿ.