ಬಿಡುವ ಮೊದಲು ಕೀಲಿ ಎಣಿಸಿ

ನಲವತ್ತು ದಾಟಿದ ಪ್ರೋಗ್ರಾಮರ್ ಒಬ್ಬರು ಸಲಹೆ ಕೇಳಿದ್ದಾರೆ. ಹಳೆಯ ಕನ್ನಡ ಫಾಂಟ್‌ಗಳ ಪಠ್ಯವನ್ನು ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಆದ ಅಕ್ಷರ ಸಂಕೇತ) ತರುವ ಪೈಥಾನ್ ಲೈಬ್ರರಿಯೊಂದನ್ನು (ಬೇರೆ ಪ್ರೋಗ್ರಾಮ್‌ಗಳು ಬಳಸುವ ಕೋಡ್) ವರ್ಷಗಳಿಂದ ಒಬ್ಬರೇ ನೋಡಿಕೊಳ್ಳುತ್ತಿದ್ದಾರೆ. (ಗುರುತು ಸಿಗದಂತೆ ವಿವರ ಬದಲಿಸಿದೆ.) ಹಗಲು ಆಫೀಸು, ಮನೆಯಲ್ಲಿ ಹಾಸಿಗೆ ಹಿಡಿದ ತಂದೆ, ರಾತ್ರಿ ಬಳಕೆದಾರರ ದೂರುಗಳು. ನಿದ್ದೆ ಕೆಟ್ಟಿದೆ. 'ಬಿಟ್ಟರೆ ನಂಬಿದವರಿಗೆ ಮೋಸ' ಎಂಬ ಅಳುಕು ಬೇರೆ. ಈ ನಡುವೆ ಅಪರಿಚಿತರೊಬ್ಬರು ರಿಲೀಸ್ ಹಕ್ಕು, ಅಂದರೆ ಹೊಸ ಆವೃತ್ತಿ ಹೊರಬಿಡುವ ಅಧಿಕಾರ, ಕೊಡಿ ಎಂದು ಬೆನ್ನುಬಿದ್ದಿದ್ದಾರೆ. ಕೊಟ್ಟು ಕೈತೊಳೆದುಕೊಳ್ಳೋಣ ಅನ್ನಿಸಿದೆ.

ಮೊದಲ ಸಲಹೆ: ದಣಿದಾಗ ಕೊಡಬೇಡಿ. ಕಡತ ಕುಗ್ಗಿಸುವ ತಂತ್ರಾಂಶ ಎಕ್ಸ್‌ಝಡ್ ಯುಟಿಲ್ಸ್ ಅನ್ನು ನೋಡಿಕೊಳ್ಳುತ್ತಿದ್ದ ದಣಿದ ಮೇಂಟೇನರ್ ಮೇಲೆ ಹೀಗೇ ಒತ್ತಡ ಬಿದ್ದಿತ್ತು. ಎರಡು ವರ್ಷಕ್ಕೂ ಹೆಚ್ಚು ಕಾಲ ನಂಬಿಕೆ ಗಳಿಸಿದ 'ಜಿಯಾ ಟಾನ್' ಹೆಸರಿನ ಖಾತೆ 5.6.0, 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು (ಕಂಪ್ಯೂಟರ್‌ಗೆ ಕದ್ದು ನುಗ್ಗುವ ದಾರಿ) ಇಟ್ಟಿತು. 2024ರ ಮಾರ್ಚ್‌ನಲ್ಲಿ ಬಯಲಾಯಿತು. ಅದನ್ನು ಚಾಲೂ ಮಾಡುವ ತುಣುಕು ಎಲ್ಲರಿಗೂ ಕಾಣುವ ಗಿಟ್ ಕೋಡ್ ಕಣಜದಲ್ಲಿರಲಿಲ್ಲ, ರಿಲೀಸ್ ಟಾರ್‌ಬಾಲ್‌ನಲ್ಲಿ (ಹಂಚಲು ಕಟ್ಟಿದ ಕಡತದ ಗಂಟು) ಮಾತ್ರ ಇತ್ತು. ಅಂದರೆ ಬಹುಕಾಲದ ಒಳ್ಳೆಯ ಕೆಲಸವೂ ಖಾತರಿಯಲ್ಲ. ಬಿಡುಗಡೆ ಯಾರೊಬ್ಬರ ಲ್ಯಾಪ್‌ಟಾಪ್‌ನಿಂದಲೂ ಆಗಬಾರದು.

ಕೋಡ್ ಇಡುವ ತಾಣ ಗಿಟ್‌ಹಬ್‌ನ ವೈಯಕ್ತಿಕ ಖಾತೆಯಲ್ಲಿರುವುದು ಮಾಲೀಕ, ಸಹಯೋಗಿ ಎಂಬ ಎರಡೇ ದರ್ಜೆ. ಆದ್ದರಿಂದ ಮೊದಲು ಆರ್ಗನೈಸೇಷನ್ (ಹಲವರು ಸೇರಿ ನಡೆಸುವ ಖಾತೆ) ತೆರೆದು ರೆಪೊ, ಅಂದರೆ ಕೋಡ್ ಇರುವ ಕಣಜ, ವರ್ಗಾಯಿಸಿ. ಹಳೆಯ ಕೊಂಡಿ ತಾನಾಗಿ ಹೊಸದಕ್ಕೆ ಹೋಗುತ್ತದೆ. ಅದೇ ಹೆಸರಿನ ರೆಪೊವನ್ನು ಹಳೆಯ ಖಾತೆಯಲ್ಲಿ ಮತ್ತೆ ತೆರೆದರೆ ಮಾತ್ರ ಕೊಂಡಿ ಮುರಿಯುತ್ತದೆ. ಜನ ಪೈಥಾನ್ ಲೈಬ್ರರಿಗಳನ್ನು ಇಳಿಸಿಕೊಳ್ಳುವ ತಾಣ ಪೈಪಿಐ ಲೆಕ್ಕ ಬೇರೆಯೇ: ರೆಪೊ ಹೋದರೂ ಅಲ್ಲಿನ ಮಾಲೀಕ ಬದಲಾಗುವುದಿಲ್ಲ. ಅಲ್ಲಿ ಟ್ರಸ್ಟೆಡ್ ಪಬ್ಲಿಷಿಂಗ್ (ಗಿಟ್‌ಹಬ್‌ನಿಂದಲೇ ನೇರ ರಿಲೀಸ್ ಮಾಡುವ ವ್ಯವಸ್ಥೆ) ಇಟ್ಟಿದ್ದರೆ ಹೊಸ ಆರ್ಗನೈಸೇಷನ್ ಹೆಸರಿಗೆ ಅದನ್ನು ಮತ್ತೆ ಹೊಂದಿಸಬೇಕು. ಎಷ್ಟೋ ಜನ ಮರೆಯುವುದು ಇದನ್ನೇ, ಮುಂದಿನ ರಿಲೀಸ್ ನಿಲ್ಲುತ್ತದೆ. ಡೊಮೇನ್ ನವೀಕರಣ ಯಾರ ಕಾರ್ಡ್‌ನಲ್ಲಿದೆ, ಎರಡನೇ ಹಂತದ ದೃಢೀಕರಣದ ರಿಕವರಿ ಕೋಡ್ ಎಲ್ಲಿದೆ ಎಂಬುದನ್ನೂ ಬರೆದಿಡಿ. ಗಿಟ್‌ಹಬ್‌ನ ವೈಯಕ್ತಿಕ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಉತ್ತರಾಧಿಕಾರಿಯನ್ನು ಹೆಸರಿಸುವ ಅವಕಾಶವಿದೆ. ಐದು ನಿಮಿಷದ ಕೆಲಸ.

ಯಾರಿಗೆ ಕೊಡುವುದು? ಬೇಕೆಂದು ಕೇಳುವವರಿಗಿಂತ, ಕೇಳದೆ ಟೆಸ್ಟ್ ಬರೆದು ಕಳಿಸುವವರನ್ನು ನೋಡಿ. ಅಂಥ ಇಬ್ಬರಿಗೆ ಮೊದಲು ಟ್ರಯಾಜ್ ಹಕ್ಕು (ದೂರುಗಳನ್ನು ವಿಂಗಡಿಸಲು), ಕೆಲವು ತಿಂಗಳ ಮೇಲೆ ರೈಟ್ (ಕೋಡ್ ಬದಲಿಸಲು). ಎರಡು ರಿಲೀಸ್ ಜೊತೆಯಾಗಿ ಮಾಡಿದ ಮೇಲಷ್ಟೇ ಮಾಲೀಕತ್ವ. ಹಂತಗಳನ್ನು ಬರೆದ ಕಡತವನ್ನು ನೋಡಿಕೊಂಡು ಅವರು ರಿಲೀಸ್ ಮಾಡಲಿ, ನೀವು ಸುಮ್ಮನೆ ಕೂತು ನೋಡಿ. ಅವರು ಎಲ್ಲಿ ತಡವರಿಸುತ್ತಾರೋ ಆ ಹಂತ ಕಡತದಲ್ಲಿಲ್ಲ ಎಂದು ಅರ್ಥ.

ಅಲ್ಲಿಯವರೆಗೆ ನೋಟಿಫಿಕೇಷನ್ ಬಂದ್. ಉತ್ತರ ಶನಿವಾರ ಒಂದೇ ಗಂಟೆ, ಅದನ್ನು ರೆಪೊದ ಪರಿಚಯ ಕಡತವಾದ ರೀಡ್‌ಮಿಯಲ್ಲೇ ಹಾಕಿ. ನಿದ್ದೆ ಸರಿಹೋಗದಿದ್ದರೆ ವೈದ್ಯರನ್ನು ಕಾಣಿ.

ಯಾರೂ ಸಿಗದಿದ್ದರೆ ರೆಪೊವನ್ನು ಆರ್ಕೈವ್ ಮಾಡಿ, ಅಂದರೆ ಓದಲಷ್ಟೇ ಸಿಗುವಂತೆ ಮುಚ್ಚಿಡಿ. ಅದು ಮೋಸವಲ್ಲ: ಕೋಡ್ ಓದಲು ಸಿಗುತ್ತದೆ, ಪೈಪಿಐಯಿಂದ ಇನ್‌ಸ್ಟಾಲ್ ಆಗುತ್ತಲೇ ಇರುತ್ತದೆ, ಬೇಕಾದವರು ಫೋರ್ಕ್ ಮಾಡಿಕೊಂಡು, ಅಂದರೆ ತಮ್ಮದೇ ಪ್ರತಿ ತೆಗೆದುಕೊಂಡು, ಮುಂದುವರಿಸಬಹುದು. ಬೆನ್ನುಬಿದ್ದವರಿಗೆ ಕಳಿಸಬೇಕಾದ ಉತ್ತರ ಇಷ್ಟೇ: "ಪ್ಯಾಚ್ (ಕೋಡ್ ತಿದ್ದುಪಡಿ) ಕಳಿಸಿ, ನೋಡುತ್ತೇವೆ."